ಸುಣ್ಣ ಬಳಿದ ಗುಪ್ಪೆಗಳು

ವಾಕಿಂಗ್ ಎಂಬ ಹೆಸರಿನಲ್ಲಿ ಚಹಾದಂಗಡಿಯವರೆಗೆ ಹೋಗಿ ಬರುವುದು ನನ್ನ ನಿತ್ಯದ ಕಾರ್ಯಕ್ರಮ. ಮೊನ್ನೆ ಬೆಳಿಗ್ಗೆ ಅದಕ್ಕೊಂದು ಅಡ್ಡಿಯಾಯಿತು. ರಾಯಚೂರಿನ ನಮ್ಮ ಬಡಾವಣೆಯ ರಸ್ತೆಬದಿಯ ಬೇವಿನ ಮರಗಳಿಗೆ ಸುಣ್ಣ ಬಳಿಯಲು ಇಬ್ಬರು ಬಂದಿದ್ದರು. ಕಬ್ಬಿಣದ ಡ್ರಮ್ಮಿನಲ್ಲಿ ಸುಣ್ಣದ ಹರಳು ಹಾಕಿ ನೀರು ಸುರಿದಿದ್ದರು. ಅದು ಕೊತಕೊತ ಕುದಿಯುತ್ತಿತ್ತು. ಆ ವಾಸನೆ ನಿಮಗೆ ಗೊತ್ತಿರಬೇಕು. ಒಂದಿಷ್ಟು ಬಿಸಿ, ಒಂದಿಷ್ಟು ಘಾಟು, ಮೂಗಿನಿಂದ ಒಳಗೆ ಹೋಗಿ ಕಣ್ಣಲ್ಲಿ ನೀರು ತರಿಸುವಂಥದ್ದು. ನಾನು ನಿಂತೇ ಬಿಟ್ಟೆ. ಬಳಿಯುವವರಲ್ಲೊಬ್ಬ ನನ್ನನ್ನು ಯಾರೋ ಮೇಲ್ವಿಚಾರಕನೆಂದು ತಿಳಿದು, "ಕೆಳಗಿಂದ ಮೂರು ಫೂಟು ಹಚ್ಚಾಕತ್ತೀವ್ರೀ ಸಾಹೇಬ್ರ, ನಡೀತದಲ್ರೀ?" ಎಂದು ಕೇಳಿದ. ನಡೆಯುತ್ತದೆ ಎಂದೆ. ಸುಣ್ಣ ಬಳಿಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಬಾರದೆಂದು ಪಾಪ ಅವನಿಗೆ ಯಾರೂ ಹೇಳಿರಲಿಲ್ಲ.

ನಾನು ಅರಣ್ಯ ಇಲಾಖೆಯಲ್ಲಿದ್ದವನು. ಗಾರ್ಡ್ ಆಗಿ ಸೇರಿ, ಫಾರೆಸ್ಟರ್ ಆಗಿ ನಿವೃತ್ತನಾದವನು. ಹೀಗೆಂದ ಕೂಡಲೇ ಕೇಳುವವರ ಕಣ್ಣು ಅರಳುತ್ತದೆ. ಹುಲಿ ನೋಡಿದ್ದೀರಾ, ಆನೆ ಅಟ್ಟಿಸಿಕೊಂಡು ಬಂದಿತ್ತಾ ಎಂದು ಕೇಳುತ್ತಾರೆ. ನನ್ನ ಇಡೀ ನೌಕರಿ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲೇ ಕಳೆಯಿತು ಎಂದರೆ ಅರಳಿದ ಕಣ್ಣು ಮುಚ್ಚಿಕೊಳ್ಳುತ್ತದೆ. ಅಲ್ಲಿ ಕಾಡೆಲ್ಲಿದೆ ಎಂಬುದು ಅವರ ಪ್ರಶ್ನೆ. ಅವರನ್ನು ಅಂದು ಫಲವಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಹೊಸ ಖಾಕಿ ಹಾಕಿಕೊಂಡು ಬಸ್ಸಿನಿಂದ ಇಳಿದು ನವಿಲಗುಡ್ಡದ ಬುಡಕ್ಕೆ ನಡೆದು ಬಂದಾಗ ನಾನೂ ಅದನ್ನೇ ಕೇಳಿದ್ದೆ.

ನವಿಲಗುಡ್ಡ ಎನ್ನುವುದು ಮಾನ್ವಿಯಿಂದ ದೇವದುರ್ಗದ ಕಡೆ ಹೋಗುವಾಗ ಕಚ್ಚಾರಸ್ತೆಗೆ ಇಳಿದು ಒಂದು ತಾಸು ನಡೆದರೆ ಸಿಗುವ ಕಾಯ್ದಿಟ್ಟ ಅರಣ್ಯ. ಯಾರೋ ತಂದು ಸುರಿದು ಮರೆತುಹೋದಂತೆ ಬಿದ್ದಿರುವ ದೊಡ್ಡ ದೊಡ್ಡ ಬಂಡೆಗಳು. ಅವುಗಳ ನಡುವೆ ಜಾಲಿ, ಬನ್ನಿ, ಕಾರೆ, ಪರಗಿ, ಸೀತಾಫಲ. ಬಹುಪಾಲು ಗಿಡಗಳು ನನ್ನ ಎದೆಯ ಮಟ್ಟಕ್ಕೆ ಬರುತ್ತಿದ್ದವು. ರಾಯಚೂರಿನ ಪೇಟೆಯಲ್ಲಿ ಬೆಳೆದ ನನಗೆ ಕಾಡೆಂದರೆ ಮೇಲೆ ನೋಡಿದರೆ ಆಕಾಶ ಕಾಣದಂಥದ್ದು ಎಂಬ ಕಲ್ಪನೆಯಿತ್ತು. ಇಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ನಮ್ಮವ್ವ ಕರಡಿಗೆ ಹೆದರಿ ನನ್ನ ಕೊರಳಿಗೆ ಕಟ್ಟಿದ್ದ ತಾಯತವನ್ನು ಅಂದೇ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡೆ. ಮೂರನೆಯ ದಿನ ಬಂಡೆಯ ಮರೆಯಲ್ಲಿ ನಿಜವಾದ ಕರಡಿಯೊಂದು ಹುತ್ತ ಕೆದರುತ್ತಿರುವುದನ್ನು ಕಂಡ ಮೇಲೆ ಮತ್ತೆ ಕಟ್ಟಿಕೊಂಡೆ.

ಆ ಕಾಡನ್ನು ನೋಡಲು ಕಲಿಸಿದವರು ನನ್ನ ಮೇಲಿನ ಅಧಿಕಾರಿ, ಫಾರೆಸ್ಟರ್ ಮಹಬೂಬಸಾಬ್. ಮಾನ್ವಿಯವರು. ಮನೆಯಲ್ಲಿ ದಖನಿ, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಐವತ್ತು ದಾಟಿತ್ತು, ಸೊಂಟನೋವು ಅಂಟಿಕೊಂಡಿತ್ತು. ಕಾಡು ನೋಡಬೇಕಾದರೆ ಮೊದಲು ಕೂರಬೇಕು ಎಂಬುದು ಅವರ ಸಿದ್ಧಾಂತ. ಅದು ಸಿದ್ಧಾಂತವೋ ಸೊಂಟನೋವೋ ಎಂದು ನನಗೆ ಮೊದಮೊದಲು ಅನುಮಾನವಿತ್ತು. ಆದರೆ ಅವರ ಪಕ್ಕದಲ್ಲಿ ಬಂಡೆಯ ಮೇಲೆ ಬಾಯಿ ಮುಚ್ಚಿ ಅರ್ಧ ತಾಸು ಕೂತರೆ, ಖಾಲಿ ಎಂದುಕೊಂಡಿದ್ದ ಗುಡ್ಡ ತುಂಬಿಕೊಳ್ಳತೊಡಗುತ್ತಿತ್ತು. ಕೌಜುಗ ಪೊದೆಯೊಳಗಿಂದ ಕೂಗುತ್ತಿತ್ತು. ಉಡವೊಂದು ಬಂಡೆಯ ಬಿರುಕಿನಿಂದ ಹೊರಬಂದು ಬಿಸಿಲು ಕಾಯಿಸುತ್ತಿತ್ತು. ಇಳಿಜಾರಿನಲ್ಲಿ ತೋಳವೊಂದು ನಮ್ಮನ್ನು ನೋಡಿಯೂ ನೋಡದವನಂತೆ, ನಮ್ಮ ಆಫೀಸಿನ ಜವಾನನ ಹಾಗೆ ಹಾದುಹೋಗುತ್ತಿತ್ತು. ನನಗೆ ಆ ಕಾಡು ಇಷ್ಟವಾಗತೊಡಗಿತು. ಎದೆಮಟ್ಟದ ಕಾಡಿಗೆ ಒಂದು ಅನುಕೂಲವಿದೆ. ಅದರೊಳಗೆ ನಿಂತು ಅದನ್ನೆಲ್ಲ ಒಟ್ಟಿಗೆ ನೋಡಬಹುದು.

ಗುಡ್ಡದ ಮೂಡಣ ಮಗ್ಗುಲಲ್ಲಿ ಬಂಡೆಯ ಕುಳಿಯೊಂದರಲ್ಲಿ ವರ್ಷವಿಡೀ ನೀರು ನಿಲ್ಲುತ್ತಿತ್ತು. ಇಂಥ ಕುಳಿಗೆ ದೊಣೆ ಎನ್ನುತ್ತಾರೆ. ಬೇಸಿಗೆಯಲ್ಲಿ ಸುತ್ತ ಎರಡು ಹರದಾರಿಯಲ್ಲಿ ಬೇರೆ ನೀರಿರಲಿಲ್ಲ. ದೊಣೆಯ ಪಕ್ಕದಲ್ಲಿ ಒಂದು ದಿಬ್ಬ. ಅದರ ಮಣ್ಣು ಮಣ್ಣಲ್ಲ, ಬೂದಿ. ಕೆಲವು ಕಡೆ ಪುಡಿ, ಕೆಲವು ಕಡೆ ಕರಗಿ ಗಟ್ಟಿಯಾದ ಕಿಟ್ಟ. ಭೀಮ ರಾಕ್ಷಸನನ್ನು ಸುಟ್ಟ ಬೂದಿ ಎಂದು ಊರಿನವರು ಹೇಳುತ್ತಿದ್ದರು. ಅದರ ಆಚೆ ಒಂದು ದೊಡ್ಡ ಬಂಡೆಯ ಮೈಮೇಲೆ ಕೊಂಬು ನೀಳವಾಗಿರುವ ಗೂಳಿಗಳ ಚಿತ್ರಗಳಿದ್ದವು. ಬಣ್ಣದ್ದಲ್ಲ; ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದು. ಸಂಜೆಯ ಓರೆ ಬಿಸಿಲಿನಲ್ಲಿ ಮಾತ್ರ ಅವು ಚೆನ್ನಾಗಿ ಕಾಣುತ್ತಿದ್ದವು. ಕುರಿ ಕಾಯುವವರು ಹೊತ್ತು ಹೋಗದೆ ಕೆತ್ತಿರಬೇಕು ಎಂದು ನಾನು ತೀರ್ಮಾನಿಸಿದ್ದೆ. ಆ ವಯಸ್ಸಿನಲ್ಲಿ ನಾನು ಎಲ್ಲದರ ಬಗ್ಗೆಯೂ ಬೇಗ ತೀರ್ಮಾನಿಸುತ್ತಿದ್ದೆ.

ಆ ದೊಣೆಗೆ ಕುರಿ ತರುತ್ತಿದ್ದವಳು ದುರಗವ್ವ. ಹತ್ತಿರದ ಊರಿನ ಕುರುಬರ ಮನೆಯವಳು, ಅರವತ್ತರ ಸುಮಾರು. ಗಂಡ ತೀರಿದ ಮೇಲೆ ಹಿಂಡನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ ಉಳಿದ ಕುರುಬರು ಹೊಳೆಯ ಕಡೆಗೆ ಹಿಂಡು ಹೊಡೆದುಕೊಂಡು ಹೋದರೆ ಇವಳು ಹೋಗುತ್ತಿರಲಿಲ್ಲ. ದೊಣೆ ಇದ್ದುದರಿಂದ ಹೋಗಬೇಕಾಗಿಯೂ ಇರಲಿಲ್ಲ. ಕಂಬಳಿಯನ್ನು ತಲೆಯ ಮೇಲೆ ಮಡಚಿ ಹಾಕಿಕೊಂಡು, ಬೂದಿದಿಬ್ಬದ ಮೇಲೆ ನಿಂತು ಅವಳೊಮ್ಮೆ ನಾಲಿಗೆ ಹೊರಳಿಸಿ ಸದ್ದು ಮಾಡಿದರೆ ಗುಡ್ಡದ ಮೂಲೆಮೂಲೆಯಿಂದ ಕುರಿಗಳು ಇಳಿದು ಬರುತ್ತಿದ್ದವು. ನನ್ನನ್ನು ಮೊದಲು ಗಾರ್ಡ್ ಸಾಹೇಬ ಎನ್ನುತ್ತಿದ್ದವಳು, ನಾನು ಕವಳಿ ಹಣ್ಣೆಂದು ತಿಳಿದು ಯಾವುದೋ ಕಾಯಿ ತಿಂದು ವಾಂತಿ ಮಾಡಿಕೊಂಡ ದಿನದಿಂದ ತಮ್ಮಾ ಎನ್ನತೊಡಗಿದಳು. ಅಂದು ಮಜ್ಜಿಗೆ ಕುಡಿಸಿ ಮನೆಗೆ ಕಳಿಸಿದವಳೂ ಅವಳೇ.

ಈಗ ಸುಣ್ಣದ ವಿಷಯಕ್ಕೆ ಬರುತ್ತೇನೆ. ಕಾಯ್ದಿಟ್ಟ ಅರಣ್ಯಕ್ಕೆ ಬೇಲಿ ಇರುವುದಿಲ್ಲ. ಸರಹದ್ದಿನ ಉದ್ದಕ್ಕೂ ಅಲ್ಲಲ್ಲಿ ಕಲ್ಲುಗಳನ್ನು ಒಟ್ಟಿ ಎದೆಯೆತ್ತರದ ಗುಪ್ಪೆ ಮಾಡಿರುತ್ತಾರೆ. ಪ್ರತಿ ಗುಪ್ಪೆಗೂ ಒಂದು ನಂಬರು. ಬಿದ್ದ ಗುಪ್ಪೆಯನ್ನು ಮತ್ತೆ ಒಟ್ಟಿ, ಸುಣ್ಣ ಬಳಿದು, ನಂಬರು ಬರೆಯುವುದು ಗಾರ್ಡಿನ ಕೆಲಸ. ನವಿಲಗುಡ್ಡದ ಗುಪ್ಪೆಗಳು ನಿಜಾಮರ ಕಾಲದವು. ಬಹಳ ವರ್ಷ ಯಾರೂ ಅವುಗಳನ್ನು ಕೇಳಿರಲಿಲ್ಲ. ನಾನು ಸೇರಿದ ಮರುವರ್ಷ ಶಿವರಾತ್ರಿಯ ಹೊತ್ತಿಗೆ ಮೇಲಿನಿಂದ ಆದೇಶ ಬಂತು: ಗುಪ್ಪೆಗಳನ್ನೆಲ್ಲ ಹುಡುಕಿ ಸುಣ್ಣ ಹಚ್ಚಿ ಪಟ್ಟಿ ಕಳಿಸಬೇಕು, ಆ ಬಿಳಿ ಗುಪ್ಪೆಗಳ ಗುಂಟ ಮಳೆಗಾಲದ ಮೊದಲು ಕಂದಕ ತೋಡಿ, ಏರಿಯ ಮೇಲೆ ಕತ್ತಾಳೆ ಹಚ್ಚಬೇಕು, ಆಮೇಲೆ ಒಳಗೆ ಕಾಲಿಟ್ಟ ದನ ಕುರಿ ನೇರ ದೊಡ್ಡಿಗೆ.

ಗುಪ್ಪೆಗಳ ಹಳೆಯ ದಫ್ತರ ಉರ್ದುವಿನಲ್ಲಿತ್ತು. ಮಹಬೂಬಸಾಬ್ ಅದನ್ನು ನೀರು ಕುಡಿದಂತೆ ಓದುತ್ತಿದ್ದರು. ಆದರೆ ಆ ವಾರ ಅವರ ಸೊಂಟ ಪೂರ್ತಿ ಹಿಡಿದುಬಿಟ್ಟಿತ್ತು. ಚಾಪೆಯ ಮೇಲೆ ಮಲಗಿಕೊಂಡೇ ಒಟ್ಟು ಇಪ್ಪತ್ತೊಂಬತ್ತು ಗುಪ್ಪೆ ಎಂದು ಹೇಳಿ, ದಾರಿಯ ವಿವರ ಓದಿ ಹೇಳಲೇ ಎಂದು ಕೇಳಿದರು. ಬೇಡ ಸಾಹೇಬರೇ, ಕಲ್ಲಿನ ಗುಪ್ಪೆ ಕಾಣುವುದಿಲ್ಲವೇ ಎಂದೆ. ಹೊಸ ಖಾಕಿ ಹಾಕಿಕೊಂಡವನಿಗೆ ದಾರಿ ಕೇಳುವುದು ಅವಮಾನದಂತೆ ತೋರುತ್ತದೆ. ಇಬ್ಬರು ಕೂಲಿಯವರು, ಒಂದು ಕತ್ತೆ, ಕತ್ತೆಯ ಮೇಲೆ ಸುಣ್ಣದ ಎರಡು ಡಬ್ಬಿ, ಮುಂದೆ ನಾನು. ನೋಡಿದವರು ದಂಡಯಾತ್ರೆ ಎಂದುಕೊಳ್ಳಬೇಕು, ಹಾಗೆ ಹೊರಟೆವು.

ಹದಿನೇಳು ಗುಪ್ಪೆಗಳು ಸಲೀಸಾಗಿ ಸಿಕ್ಕವು. ಹದಿನೆಂಟನೆಯದು ಎಲ್ಲೂ ಕಾಣಲಿಲ್ಲ. ಮುಂದೆಲ್ಲ ದಟ್ಟ ಜಾಲಿ. ಮುಳ್ಳಿನೊಳಗೆ ನುಗ್ಗುವ ಮನಸ್ಸು ನನಗೂ ಇರಲಿಲ್ಲ, ಕತ್ತೆಗೂ ಇರಲಿಲ್ಲ. ಸುತ್ತು ಹಾಕಿ ಇಳಿಜಾರಿಗೆ ಬಂದರೆ ಅಲ್ಲಿ, ದೊಣೆಯಿಂದ ಸ್ವಲ್ಪ ಆಚೆ, ಬಯಲಿನಲ್ಲಿ ಸಾಲಾಗಿ ಕಲ್ಲುಗುಪ್ಪೆಗಳು. ಎಂಥ ಗುಪ್ಪೆಗಳು ಅನ್ನುತ್ತೀರಿ. ಒಂದೊಂದರ ಸುತ್ತಲೂ ದೊಡ್ಡ ಗುಂಡುಗಳನ್ನು ದುಂಡಗೆ ಜೋಡಿಸಿ, ನಡುವೆ ಕಲ್ಲು ತುಂಬಿದ್ದರು. ಆ ಕಾಲದವರ ಕೆಲಸವೇ ಕೆಲಸ, ಈಗಿನವರಿಗೆ ಇಷ್ಟು ಶ್ರದ್ಧೆ ಎಲ್ಲಿದೆ ಎಂದು ಕೂಲಿಯವರಿಗೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಲೆಕ್ಕಕ್ಕೆ ಇನ್ನೂ ಹನ್ನೆರಡು ಬೇಕಿತ್ತು, ಅಲ್ಲಿ ಹದಿನಾಲ್ಕಿದ್ದವು. ಎರಡನ್ನು ಕಳಪೆ ಕಾಮಗಾರಿ ಎಂದು ಬಿಟ್ಟು, ಉಳಿದವಕ್ಕೆ ದಟ್ಟವಾಗಿ ಸುಣ್ಣ ಬಳಿಸಿದೆ. ಹದಿನೆಂಟರಿಂದ ಇಪ್ಪತ್ತೊಂಬತ್ತರವರೆಗೆ ನಂಬರನ್ನು ನನ್ನ ಕೈಯಾರೆ ಬರೆದೆ. ಸಂಜೆ ದಿಬ್ಬದ ಮೇಲೆ ನಿಂತು ನೋಡಿದರೆ ಬಿಳಿ ಸಾಲು ಕಣ್ಣು ಕುಕ್ಕುವಂತಿತ್ತು. ಮಹಬೂಬಸಾಬ್ ಮಲಗಿದಲ್ಲೇ ಪಟ್ಟಿಗೆ ಸಹಿ ಹಾಕಿದರು. ರೇಂಜರ್ ಸಾಹೇಬರು ಜೀಪಿನಿಂದ ಇಳಿಯದೆಯೇ ನೋಡಿ, ಹೊಸ ಹುಡುಗ ಚುರುಕಾಗಿದ್ದಾನೆ ಎಂದರು. ಆ ಮಾತನ್ನು ಮೆಲುಕು ಹಾಕುತ್ತ ನಾನು ಒಂದು ವಾರ ಕಳೆದೆ.

ಎಂಟನೆಯ ದಿನ ಬೆಳಿಗ್ಗೆ ದುರಗವ್ವ ದೊಣೆಯ ಹತ್ತಿರ ನನಗಾಗಿ ಕಾಯುತ್ತಿದ್ದಳು. ಕುರಿಗಳು ನೀರು ಕುಡಿಯುತ್ತಿದ್ದವು. ಅವಳು ಕೋಲಿನಿಂದ ನನ್ನ ಬಿಳಿ ಗುಪ್ಪೆಯೊಂದನ್ನು ತೋರಿಸಿದಳು.

"ತಮ್ಮಾ, ಸತ್ತವರ ಮನಿಗೆ ಯಾಕ ಸುಣ್ಣ ಹಚ್ಚಿದಿ?"

ಸತ್ತವರದ್ದಲ್ಲ, ಇದು ಸರ್ಕಾರದ ಗುಪ್ಪೆ, ನಂಬರು ಹತ್ತೊಂಬತ್ತು ಎಂದು ನಾನು ಗತ್ತಿನಿಂದ ಹೇಳಿದೆ. ಅವಳು ನಗಲಿಲ್ಲ. ಇವೆಲ್ಲ ಮೋರೇರ ಮನೆಗಳು, ಬಹಳ ಹಿಂದೆ ಇಲ್ಲಿದ್ದ ಗಿಡ್ಡ ಜನ ತಮ್ಮಲ್ಲಿ ಸತ್ತವರನ್ನು ಮಡಕೆಯಲ್ಲಿಟ್ಟು ಒಳಗೆ ಮಲಗಿಸಿದ್ದಾರೆ, ಕುರಿ ಸಹ ಅದರ ಮೇಲೆ ಹತ್ತುವುದಿಲ್ಲ ಎಂದಳು. ಆಮೇಲೆ ಕಂದಕ ಎಲ್ಲಿ ತೋಡುತ್ತಾರೆ ಎಂದು ಕೇಳಿದಳು. ನಾನು ಕೈ ಮಾಡಿ ಬಿಳಿ ಸಾಲನ್ನು ತೋರಿಸಿದೆ. ತೋರಿಸುತ್ತಿರುವಾಗಲೇ ನನ್ನ ಕೈ ನಿಧಾನವಾಯಿತು. ಅದುವರೆಗೆ ನನಗೆ ಹೊಳೆದಿರಲಿಲ್ಲ: ಆ ಸಾಲಿನ ಒಳಗೆ ಬೂದಿದಿಬ್ಬವೂ ಬರುತ್ತಿತ್ತು, ದೊಣೆಯೂ ಬರುತ್ತಿತ್ತು.

"ಸರ್ಕಾರದ ಗುಪ್ಪಿ ಬ್ಯಾರೇನ ಅದಾವ. ನಾ ತೋರಸ್ತೀನಿ, ಬಾ," ಎಂದಳು ದುರಗವ್ವ.

ಕುರಿಗಳನ್ನು ನಾಯಿಗೆ ಒಪ್ಪಿಸಿ ಮುಂದೆ ನಡೆದಳು. ನಾನು ಮುಳ್ಳಿಗೆ ಹೆದರಿ ಬಿಟ್ಟುಬಂದಿದ್ದ ಜಾಲಿಯೊಳಗೆ ಕುರಿ ನುಸುಳುವಷ್ಟು ಒಂದು ದಾರಿಯಿತ್ತು. ಬಗ್ಗಿಕೊಂಡು ಹೋದೆವು. ನನ್ನ ಟೊಪ್ಪಿಗೆ ಎರಡು ಸಲ ಮುಳ್ಳಿಗೆ ಸಿಕ್ಕಿಕೊಂಡಿತು. ಎರಡು ಸಲವೂ ಅವಳೇ ಬಿಡಿಸಿಕೊಟ್ಟಳು. ಸ್ವಲ್ಪ ದೂರದಲ್ಲಿ, ಹಸಿರಿನ ನಡುವೆ, ಎದೆಯೆತ್ತರದ ಗುಪ್ಪೆ. ಅದರ ನೆತ್ತಿಯ ಕಲ್ಲಿನಲ್ಲಿ ಉರ್ದು ಅಂಕಿ ಕೆತ್ತಿತ್ತು. ಅಲ್ಲಿಂದ ಮುಂದಿನದು, ಅದರ ಮುಂದಿನದು; ಬಿಸಿಲೇರುವ ಹೊತ್ತಿಗೆ ಹನ್ನೆರಡನ್ನೂ ತೋರಿಸಿದಳು. ದೊಣೆಯೂ ದಿಬ್ಬವೂ ಆ ಸಾಲಿನಿಂದ ಹೊರಗೇ ಇದ್ದವು.

ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಸಂಗತಿ. ನಾನು ಮೊದಲು ಕಂಡಿದ್ದ ಹದಿನೇಳು ಗುಪ್ಪೆಗಳಲ್ಲಿ ಅರ್ಧಕ್ಕರ್ಧ ಕುಸಿದು ಬಿದ್ದಿದ್ದವು. ಈ ಹನ್ನೆರಡರಲ್ಲಿ ಒಂದು ಕಲ್ಲೂ ಜರುಗಿರಲಿಲ್ಲ. ಇಲಾಖೆಯವರು ಇಲ್ಲಿಗೆ ಎಷ್ಟೋ ವರ್ಷಗಳಿಂದ ಬಂದಿಲ್ಲ, ಇವು ಹೇಗೆ ಉಳಿದವು ಎಂದು ಕೇಳಿದೆ.

"ಬಿದ್ದ ಕಲ್ಲು ನಾ ಎತ್ತಿ ಇಡತೀನಿ. ನಮ್ಮತ್ತಿನೂ ಇಡತಿದ್ಲು. ಗುಪ್ಪಿ ಇದ್ರ ನಾವು ಹೊರಗ ಅದೀವಿ ಅಂತ ತೋರಸಾಕ ಬರ್ತದ. ಗುಪ್ಪಿ ಇಲ್ಲಂದ್ರ ನಾ ಎಲ್ಲಿ ನಿಂತರೂ ಒಳಗ ಅದೀನಿ ಅಂತೀರಿ ನೀವು."

ನನಗೆ ಬಹಳ ನಾಚಿಕೆಯಾಯಿತು. ಆ ನಾಚಿಕೆಯನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಸರ್ಕಾರದ ಸರಹದ್ದನ್ನು ಸರ್ಕಾರ ಮರೆತಿತ್ತು. ಯಾರನ್ನು ಹೊರಗಿಡಲು ಆ ಗುಪ್ಪೆಗಳನ್ನು ಕಟ್ಟಿದ್ದರೋ ಅವರೇ ಅತ್ತೆ ಸೊಸೆಯರ ಕಾಲದಿಂದ ಅವುಗಳನ್ನು ಕಾಪಾಡಿಕೊಂಡು ಬಂದಿದ್ದರು. ಸರ್ಕಾರದ ಹೊಸ ಗಾರ್ಡಾದ ನಾನು, ಒಂದು ದಿನದಲ್ಲಿ, ಎರಡು ಡಬ್ಬಿ ಸುಣ್ಣದಲ್ಲಿ, ಅವಳ ನೀರನ್ನು ಕಿತ್ತುಕೊಂಡಿದ್ದೆ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೋಗುವಾಗ, ಏನು ಮಾಡುತ್ತೀ ನೋಡು ತಮ್ಮಾ ಎಂದಷ್ಟೇ ಹೇಳಿದಳು.

ಏನು ಮಾಡುವುದು? ಪಟ್ಟಿ ಹೋಗಿಯಾಗಿತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸುಮ್ಮನಿದ್ದರೆ ಕೇಳುವವರು ಯಾರೂ ಇರಲಿಲ್ಲ ಎನ್ನುವುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಗುಡ್ಡ ಇಳಿಯುವಾಗ ಅರ್ಧ ದಾರಿಯವರೆಗೆ ನಾನು ಸುಮ್ಮನಿರುವ ಯೋಚನೆಯಲ್ಲೇ ಇದ್ದೆ. ಉಳಿದರ್ಧ ದಾರಿಯಲ್ಲಿ ದೊಣೆಯಿಂದ ಕುರಿ ಹೊರಡಿಸುವ ಅವಳ ಸದ್ದು ಕೇಳುತ್ತಲೇ ಇತ್ತು. ನೇರವಾಗಿ ಮಹಬೂಬಸಾಬರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಗೋಡೆ ಹಿಡಿದು ಎದ್ದು ಕೂತರು. ದಫ್ತರ ತರಿಸಿ, ಕನ್ನಡಕ ಹಾಕಿ, ಹದಿನೆಂಟನೆಯ ಗುಪ್ಪೆಯ ವಿವರವಿದ್ದ ಹಾಳೆಯನ್ನು ಬೆರಳಿಟ್ಟು ಓದಿದರು. ದೊಣೆಯನ್ನು ಊರಿನ ದನಕರುಗಳ ನೀರಿಗಾಗಿ ಸರಹದ್ದಿನ ಹೊರಗೆ ಬಿಡಲಾಗಿದೆ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಬೇಡ ಎಂದು ನಾನು ಕೇಳದೆ ಬಿಟ್ಟಿದ್ದ ಸಾಲು ಅದೇ. ಮಹಬೂಬಸಾಬ್ ದಫ್ತರ ಮಡಚಿಟ್ಟರು. ಆಮೇಲೆ ಒಂದು ಹಾಳೆ, ಪೆನ್ನು ನನ್ನ ಮುಂದೆ ಸರಿಸಿದರು.

"ನೀ ನೋಡದ ಬಳದಿ, ನಾ ನೋಡದ ಸಹಿ ಮಾಡೀನಿ. ಪೈಲೆ ಮೇರಾ ನಾಮ್ ಲಿಖ್. ಮೊದಲು ನನ್ನ ಹೆಸರು ಬರಿ, ಅದರ ಕೆಳಗ ನಿಂದು."

ಮರುದಿನ ಸೊಂಟಕ್ಕೆ ರುಮಾಲು ಬಿಗಿದುಕೊಂಡು ಅವರು ನನ್ನ ಜೊತೆ ಬಸ್ಸಿನಲ್ಲಿ ರೇಂಜರ್ ಕಚೇರಿಗೆ ಬಂದರು. ರೇಂಜರ್ ಸಾಹೇಬರು ನಮ್ಮ ಕಾಗದ ಓದಿ ಅದನ್ನು ತಿರುಗಿಸಿ ಇಟ್ಟರು. ಅವರ ವಾದ ಸರಳವಾಗಿತ್ತು. ತಪ್ಪಿನಿಂದ ಸರ್ಕಾರದ ಜಾಗ ಕಡಿಮೆಯಾಗಿದ್ದರೆ ಅದು ತಪ್ಪು; ಇಲ್ಲಿ ಹೆಚ್ಚಾಗಿದೆಯಲ್ಲ, ಯಾರು ದೂರು ಕೊಟ್ಟಿದ್ದಾರೆ ಎಂದು ಕೇಳಿದರು. ಯಾರೂ ಕೊಟ್ಟಿರಲಿಲ್ಲ. ಹಾಗಾದರೆ ಹೋಗಿ ಕೆಲಸ ನೋಡಿ ಎಂದರು. ಮಹಬೂಬಸಾಬ್ ಎದ್ದೇಳಲಿಲ್ಲ. ಎದ್ದೇಳಲಾಗದೆ ಕೂತರೋ, ಬೇಕೆಂದೇ ಕೂತರೋ, ಅಂತೂ ಕೂತರು. ದಫ್ತರ ತೆಗೆದು ಆ ಪುಟವನ್ನು ಉರ್ದುವಿನಲ್ಲಿ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿ, ಮತ್ತೆ ಮೊದಲಿನಿಂದ ಓದತೊಡಗಿದರು. ಮೂರನೆಯ ಸಲ ಓದುವ ಹೊತ್ತಿಗೆ ಪಕ್ಕದ ಕೋಣೆಯ ಗುಮಾಸ್ತರು ಬಾಗಿಲಿಗೆ ಬಂದು ನಿಂತಿದ್ದರು. ಇಷ್ಟು ಜನರ ಮುಂದೆ ದಫ್ತರವನ್ನು ಸುಳ್ಳೆನ್ನಲು ಯಾವ ಅಧಿಕಾರಿಗೂ ಆಗುವುದಿಲ್ಲ. ರೇಂಜರರು ನಾವು ಕಳಿಸಿದ್ದ ಪಟ್ಟಿಯನ್ನು ವಾಪಸು ತರಿಸಲು ಒಪ್ಪಿದರು. ನನ್ನ ಕಾಯಮಾತಿಯನ್ನು ಒಂದು ವರ್ಷ ಮುಂದೆ ಹಾಕಿದರು. ಮತ್ತು ಹಚ್ಚಿದ ಕೈಯೇ ಆ ಹನ್ನೆರಡು ಗುಪ್ಪೆಗಳ ಸುಣ್ಣ ತೊಳೆಯಬೇಕೆಂದು ಲಿಖಿತ ಆದೇಶ ಕೊಟ್ಟರು.

ಸುಣ್ಣ ಹಚ್ಚುವುದು ಒಂದು ದಿನದ ಕೆಲಸ, ತೊಳೆಯುವುದು ಒಂಬತ್ತು ದಿನದ್ದು. ಆ ಒಂಬತ್ತು ದಿನಗಳು ನನ್ನ ನೌಕರಿಯಲ್ಲೇ ಅತ್ಯಂತ ಸುಖದವು ಎಂದರೆ ನೀವು ನಂಬಲಿಕ್ಕಿಲ್ಲ. ದೊಣೆಯಿಂದ ಕೊಡದಲ್ಲಿ ನೀರು ಹೊತ್ತು ತಂದು, ತೆಂಗಿನ ನಾರಿನಿಂದ ಒಂದೊಂದೇ ಕಲ್ಲನ್ನು ತಿಕ್ಕುತ್ತಿದ್ದೆ. ಮಹಬೂಬಸಾಬ್ ನೆರಳಿನಲ್ಲಿ ಕೂತು ಎಲ್ಲಿ ಬಿಳಿ ಉಳಿದಿದೆ ಎಂದು ತೋರಿಸುತ್ತಿದ್ದರು. ದುರಗವ್ವ ಮೊದಲ ದಿನ ನೋಡಿ ಸುಮ್ಮನೆ ಹೋದಳು. ಎರಡನೆಯ ದಿನ ಕಂಬಳಿ ಪಕ್ಕಕ್ಕಿಟ್ಟು ತಾನೂ ತಿಕ್ಕಲು ಕೂತಳು. ಬೇಡ ಯವ್ವಾ, ಹಚ್ಚಿದವನು ನಾನು ಎಂದರೆ, ನಿನಗೆ ಹಬ್ಬದ ಪಾತ್ರೆ ತಿಕ್ಕಿ ಗೊತ್ತಿಲ್ಲ, ಹೀಗೆ ತಿಕ್ಕಿದರೆ ಮುಂದಿನ ಶಿವರಾತ್ರಿಗೂ ಮುಗಿಯುವುದಿಲ್ಲ ಎಂದಳು. ದಾರಿಯಲ್ಲಿ ಹೋಗುವವರು ನಿಂತು, ಗಾರ್ಡ್ ಕಲ್ಲಿಗೆ ಜಳಕ ಮಾಡಿಸುತ್ತಿದ್ದಾನೆ ಎಂದು ನಗುತ್ತಿದ್ದರು. ನಮಗೂ ನಗು ಬರುತ್ತಿತ್ತು. ತಿಕ್ಕುವಾಗ ಕಲ್ಲಿನ ಸಂದಿಯಿಂದ ಮಡಕೆಯ ಚೂರುಗಳು ಸಿಗುತ್ತಿದ್ದವು. ಒಳಗೆ ಕಪ್ಪು, ಹೊರಗೆ ಕೆಂಪು, ಇಂದು ಒಲೆಯಿಂದ ಇಳಿಸಿದಷ್ಟು ನುಣುಪು. ದುರಗವ್ವ ಅವುಗಳನ್ನು ಎಲ್ಲಿಂದ ಎದ್ದಿದ್ದವೋ ಅಲ್ಲೇ ಮತ್ತೆ ಇಡಿಸುತ್ತಿದ್ದಳು. ಇನ್ನೊಬ್ಬರ ಮನೆಯ ಅಡುಗೆಮನೆ ಕೆದಕಬಾರದು ಎಂಬುದು ಅವಳ ಕಾರಣ.

ಮಳೆಗಾಲದ ಮೊದಲು ಕಂದಕವನ್ನು ಸರಿಯಾದ ಗುಪ್ಪೆಗಳ ಗುಂಟವೇ ತೋಡಿದರು. ದೊಣೆ ಹೊರಗೆ ಉಳಿಯಿತು.

ಎಂಬತ್ತರ ದಶಕದ ಆರಂಭದಲ್ಲಿರಬೇಕು, ರಾಯಚೂರಿನ ಕಾಲೇಜೊಂದರ ಇತಿಹಾಸದ ಮೇಷ್ಟ್ರೊಬ್ಬರು ಗೂಳಿಯ ಚಿತ್ರಗಳ ಸುದ್ದಿ ಕೇಳಿ ಗುಡ್ಡಕ್ಕೆ ಬಂದರು. ಸಂಜೆಯ ಬಿಸಿಲಿನಲ್ಲಿ ಆ ಬಂಡೆಯ ಮುಂದೆ ಅವರು ಕೈಕಟ್ಟಿ ನಿಂತದ್ದು ನನಗೆ ನೆನಪಿದೆ. ಕಬ್ಬಿಣ ಕಾಣದ ಕಾಲದ ಜನ, ಮೂರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಕಟ್ಟಿ ಬದುಕಿದವರು ಕೆತ್ತಿದ್ದು ಎಂದರು. ಬೂದಿದಿಬ್ಬವೂ ಅವರದೇ, ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ, ಯಾವುದೋ ಹಬ್ಬಕ್ಕೆಂಬಂತೆ, ತಲೆಮಾರುಗಟ್ಟಲೆ ಸುಡುತ್ತ ಬಂದದ್ದರಿಂದ ಆದದ್ದು ಎಂದರು. ಮಹಬೂಬಸಾಬ್ ನನ್ನ ಮುಖ ನೋಡಿದರು. ಪ್ರತಿ ದೀಪಾವಳಿಗೆ ದುರಗವ್ವನ ಮನೆಯವರು ಅದೇ ದಿಬ್ಬದ ಬುಡದಲ್ಲಿ ಹಿಕ್ಕೆ ಕುಳ್ಳು ಒಟ್ಟಿ ಬೆಂಕಿ ಹಚ್ಚಿ, ಕುರಿಗಳನ್ನು ಆ ಹೊಗೆಯ ಮುಂದೆ ಬೆದರಿಸಿ ಓಡಿಸುತ್ತಿದ್ದುದನ್ನು ನಾವಿಬ್ಬರೂ ನೋಡಿದ್ದೆವು. ಮೇಷ್ಟ್ರು ದುರಗವ್ವನನ್ನು ಯಾಕೆ ಹಾಗೆ ಮಾಡುತ್ತೀರಿ ಎಂದು ಕೇಳಿದರು. ಹಿಂದಿನಿಂದ ಬಂದದ್ದು ಎಂದಳು. ಎಷ್ಟು ಹಿಂದಿನಿಂದ ಎಂದರೆ, ಅದು ಯಾರಿಗೆ ಗೊತ್ತು ಎಂದು ಅವರನ್ನೇ ಕೇಳಿದಳು.

ಮೋರೇರ ಮನೆಗಳು ಆ ಬೂದಿಗಿಂತ ಈಚಿನವು, ಕಬ್ಬಿಣ ಬಂದ ಮೇಲಿನ ಜನರ ಸಮಾಧಿಗಳು ಎಂದು ಮೇಷ್ಟ್ರು ತಿಳಿಸಿದರು. ಹಾಗೆ ಹೇಳುತ್ತ ಒಂದು ಗುಂಡಿನ ಮುಂದೆ ಮಂಡಿಯೂರಿದವರು ಒಮ್ಮೆಲೇ ಗಂಭೀರರಾದರು. ಬಿರುಕಿನೊಳಗೆ ಬಿಳಿಯದೇನೋ ಕಂಡಿತ್ತು. ಚಾಕುವಿನಿಂದ ಕೆರೆದು ಕಾಗದದ ಪೊಟ್ಟಣ ಕಟ್ಟುತ್ತ, ಆ ಜನ ಸಮಾಧಿಗಳಿಗೆ ಸುಣ್ಣ ಸಾರಿಸುತ್ತಿದ್ದರೆಂದು ಇದುವರೆಗೆ ಯಾರೂ ಬರೆದಿಲ್ಲ, ಇದು ದೊಡ್ಡ ಸಂಗತಿ ಎಂದರು. ಮಹಬೂಬಸಾಬ್ ಇದ್ದಕ್ಕಿದ್ದಂತೆ ಕೌಜುಗ ಹುಡುಕಿಕೊಂಡು ಪೊದೆಯ ಕಡೆ ಹೋದರು. ನಾನು ಗಂಟಲು ಸರಿಮಾಡಿಕೊಂಡು, ಸಾರ್, ಸಾರಿಸಿದವನು ನಾನು ಎಂದೆ. ಎರಡನೆಯ ಸಲ ತಪ್ಪು ಒಪ್ಪಿಕೊಳ್ಳುವುದು ಮೊದಲಿನಷ್ಟು ಕಷ್ಟವಲ್ಲ. ಮೇಷ್ಟ್ರು ಪೊಟ್ಟಣವನ್ನು ಒಂದು ಕ್ಷಣ ನೋಡಿ, ಬಿಚ್ಚಿ, ಗಾಳಿಗೆ ಬಿಟ್ಟರು. ಆಮೇಲೆ ಅವರು ನಕ್ಕ ನಗು ಇಡೀ ಗುಡ್ಡಕ್ಕೆ ಕೇಳಿಸಿತು.

ನನಗೆ ಅಲ್ಲಿಂದ ವರ್ಗವಾಯಿತು. ಮಹಬೂಬಸಾಬ್ ನಿವೃತ್ತರಾಗಿ, ಮಾನ್ವಿಯಲ್ಲಿ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಗುಬ್ಬಿಗಳನ್ನು ನೋಡುತ್ತ ಕಾಲ ಕಳೆದು ಹೋದರು. ದುರಗವ್ವ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ತೀರಿಕೊಂಡಳೆಂದು ಕೇಳಿದೆ. ನಾನು ಆ ಕಡೆಗೆ ಮತ್ತೆ ಹೋಗಿರಲಿಲ್ಲ. ಕಾರಣ ಕೇಳಿದರೆ ಏನೂ ಇಲ್ಲ. ಇವತ್ತು ನಾಳೆ ಎನ್ನುತ್ತ ಆಯುಷ್ಯ ಕಳೆದುಬಿಡುತ್ತದೆ. ಮೊನ್ನೆ ಸುಣ್ಣದ ಘಾಟು ಮೂಗಿಗೆ ಬಡಿದಾಗ ಚಹಾ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಕಚ್ಚಾರಸ್ತೆ ಡಾಂಬರಾಗಿದೆ. ಗುಡ್ಡ ಮಾತ್ರ ಹಾಗೇ ಇದೆ. ಕತ್ತಾಳೆ ಎತ್ತರವಾಗಿದೆ, ಒಳಗೆ ಬನ್ನಿ ಬೇವುಗಳು ನನ್ನ ತಲೆಯನ್ನು ದಾಟಿ ಬೆಳೆದಿವೆ. ದೊಣೆಯಲ್ಲಿ ಕುರಿಗಳು ನೀರು ಕುಡಿಯುತ್ತಿದ್ದವು. ಮೂವತ್ತರ ಹೆಂಗಸೊಬ್ಬಳು ಬೇವಿನ ನೆರಳಿನಲ್ಲಿ ನಿಂತು ಮೊಬೈಲಿನಲ್ಲಿ ಯಾರನ್ನೋ ಗದರಿಸುತ್ತಿದ್ದಳು. ವಿಚಾರಿಸಿದೆ, ದುರಗವ್ವನ ಮೊಮ್ಮಗನ ಹೆಂಡತಿ. ನಾನು ಯಾರೆಂದು ಹೇಳಲಿಲ್ಲ. ರಾಯಚೂರಿನಿಂದ ಹಳೆ ಕಲ್ಲು ನೋಡಲು ಬಂದೆ ಎಂದೆ. ನೋಡ್ರಿ, ನೆರಳಾಗ ಕುಂದರ್ರಿ ಯಪ್ಪಾ ಎಂದಳು. ಮೋರೇರ ಮನೆಗಳ ಪಕ್ಕದ ಒಂದು ಬಂಡೆಯ ಮೇಲೆ ಕೂತೆ. ಕಾಲು ಸೋತಿತ್ತು. ಎಲೆ ಅಡಿಕೆ ಹಾಕಿಕೊಳ್ಳೋಣವೆಂದು ಕಿಸೆಯಿಂದ ಸಂಚಿ ತೆಗೆದು ಬಿಚ್ಚಿದೆ.

ಅವಳು ಮಾತು ಅರ್ಧಕ್ಕೇ ನಿಲ್ಲಿಸಿ ಫೋನು ಇಳಿಸಿದಳು.

"ಯಪ್ಪಾ, ಇಲ್ಲಿ ಎಲಿ ಅಡಿಕಿ ಹಾಕ್ಕೋಬ್ಯಾಡ್ರಿ. ಮೋರೇರ ಮನಿ ಹತ್ರ ಸುಣ್ಣ ತರಬಾರದು."

ಯಾಕೆ ಎಂದು ಕೇಳಿದೆ.

"ಸುಣ್ಣ ಮುಟ್ಟಿದ್ರ ದೊಣಿ ನೀರು ಕುರಿಗಿ ದಕ್ಕಂಗಿಲ್ಲ. ಲಗ್ನಕ್ಕ ಮನಿಗೆ ಸುಣ್ಣ ಹಚ್ಚಿದ ದಿನ ನಾವು ಕೈ ತೊಳಕೊಂಡೇ ಈ ಕಡಿ ಬರ್ತೀವಿ. ನಮ್ಮ ಮನಿತನದಾಗ ಅದೊಂದು ನೇಮ ಅದ ನೋಡ್ರಿ."

ನಾನು ಅವಳ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಈ ನೇಮ ಯಾವಾಗಿನಿಂದ ಇದೆ ಎಂದು ಕೇಳಿದೆ.

"ಅದು ಯಾರಿಗೆ ಗೊತ್ರೀ ಯಪ್ಪಾ. ಮೋರೇರ ಕಾಲದಿಂದನೇ ಬಂದಿರಬೇಕು."

ಹೌದವ್ವ, ಬಹಳ ಹಳೆಯದೇ ಇರಬೇಕು ಎಂದೆ. ಎದ್ದು ಹೋಗಿ, ಸುಣ್ಣದ ಡಬ್ಬಿಯನ್ನು ದೂರದ ದಾರಿಯ ಮೇಲಿಟ್ಟು, ಅಲ್ಲೇ ನನ್ನ ಬಾಟಲಿಯ ನೀರಿನಿಂದ ಎರಡೂ ಕೈಗಳನ್ನು ಮೊಳಕೈವರೆಗೆ ಚೆನ್ನಾಗಿ ತೊಳೆದುಕೊಂಡು ಬಂದು ಕೂತೆ.